ಸುತ್ತೋಲೆ ನಿಜವೇ, ಅಂಕಪಟ್ಟಿ ಎಲ್ಲಿದೆ: ಪದವಿ ವಿದ್ಯಾರ್ಥಿಗಳಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗಲೆಲ್ಲ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಗುಂಪಿನಲ್ಲಿ ಬಂದಿರುವ ಈ ಸುತ್ತೋಲೆ ನಿಜವೇ, ಶುಲ್ಕ ಕಟ್ಟಿದ್ದರೂ ಬಾಕಿ ಎಂದು ತೋರಿಸುತ್ತಿರುವುದೇಕೆ, ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಏಕೆ ಸಿಗುತ್ತಿಲ್ಲ, ಕೇಳಿದರೆ ಉತ್ತರವನ್ನೇ ಕೊಡದಿದ್ದಾಗ ಯಾರ ಬಳಿ ಹೋಗಬೇಕು ಎಂಬ ಈ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಿಂದೆ ಕಾಲೇಜಿನ ಸೂಚನಾ ಫಲಕದಲ್ಲಿ ಅಂಟಿಸಿದ್ದೇ ಸುದ್ದಿಯಾಗಿತ್ತು. ಈಗ ಅದೇ ಸುದ್ದಿ ಹತ್ತು ಗುಂಪುಗಳಲ್ಲಿ ಹತ್ತು ರೂಪದಲ್ಲಿ ಬರುತ್ತದೆ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್ ದೂರ; ಬಾಗೇಪಲ್ಲಿಯವರಿಗೆ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಚೇರಿ ಇರುವ ಕೋಲಾರದ ಟಮಕವೂ ಹತ್ತಿರವಲ್ಲ. ಒಂದು ತಪ್ಪು ಸಂದೇಶವನ್ನು ನಂಬಿ ವಿಶ್ವವಿದ್ಯಾಲಯದ ಬಾಗಿಲವರೆಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಮತ್ತು ಒಂದು ದಿನದ ಪಾಠ, ಮೂರೂ ಹೋದಂತೆ. ಆದ್ದರಿಂದ ಸುದ್ದಿಯ ಮೂಲವನ್ನು ತಲುಪುವ ದಾರಿ ನಿಮ್ಮ ಕೈಯಲ್ಲೇ ಇರಬೇಕು, ಆ ದಾರಿಯ ಬೀಗದ ಕೈ ಬೇರೆಯವರ ಬಳಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

ಬೇಕಾಗುವುದು ಹೆಚ್ಚೇನಿಲ್ಲ: ನಿಮ್ಮದೇ ಹೆಸರಿನ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್, ಆಧಾರ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ವಿಶ್ವವಿದ್ಯಾಲಯ ಕೊಟ್ಟ ನೋಂದಣಿ ಸಂಖ್ಯೆ, ಮತ್ತು ಒಂದು ನೋಟ್‌ಪುಸ್ತಕ.

1. ನೀವು ಯಾವ ವಿಶ್ವವಿದ್ಯಾಲಯದ, ಯಾವ ಪಠ್ಯಕ್ರಮದ ವಿದ್ಯಾರ್ಥಿ ಎಂಬುದನ್ನು ಬರೆದಿಟ್ಟುಕೊಳ್ಳಿ

ಇದು ಕೇಳಿದ ಕೂಡಲೇ ಅನಗತ್ಯವೆನಿಸಬಹುದು. ಆದರೆ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಆರಂಭವಾಯಿತು. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಸಾಮಾನ್ಯ ಪದವಿ ಕಾಲೇಜುಗಳು 2017ರಲ್ಲಿ ಹುಟ್ಟಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಹೆಸರಿನಲ್ಲಿ ಬೆಂಗಳೂರು ಇದ್ದರೂ ಅದರ ಕೇಂದ್ರ ಕಚೇರಿ ಇರುವುದು ಕೋಲಾರದ ಟಮಕದಲ್ಲಿ. ಎಂಜಿನಿಯರಿಂಗ್ ಓದುವವರಿಗೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅನ್ವಯಿಸುತ್ತದೆ. ಸ್ವಾಯತ್ತ ಕಾಲೇಜುಗಳು, ಅಂದರೆ ಪದವಿಯನ್ನು ವಿಶ್ವವಿದ್ಯಾಲಯ ನೀಡಿದರೂ ಪರೀಕ್ಷೆಯನ್ನು ತಾವೇ ನಡೆಸುವ ಕಾಲೇಜುಗಳು, ತಮ್ಮದೇ ವೇಳಾಪಟ್ಟಿಯನ್ನು ಹೊಂದಿರುತ್ತವೆ. ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯಗಳ ವ್ಯವಸ್ಥೆ ಮತ್ತೂ ಬೇರೆ.

ಹಳೆಯ ಪದವೀಧರರು ಗಮನಿಸಬೇಕಾದ ಒಂದು ಮಾತಿದೆ. ನಿಮ್ಮ ಕಾಲೇಜು ಈಗ ಯಾವ ವಿಶ್ವವಿದ್ಯಾಲಯದ ಅಡಿಯಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ. ನಿಮ್ಮ ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಅಚ್ಚಾಗಿದೆಯೋ ದಾಖಲೆ ಅಲ್ಲಿಯದು, ಅರ್ಜಿಯೂ ಅಲ್ಲಿಗೇ ಹೋಗಬೇಕು. ಚಿಂತಾಮಣಿಯ ಕಾಲೇಜಿನಲ್ಲಿ ಬಹಳ ವರ್ಷಗಳ ಹಿಂದೆ ಓದಿ ಬೆಂಗಳೂರು ವಿಶ್ವವಿದ್ಯಾಲಯದ ಅಂಕಪಟ್ಟಿ ಪಡೆದವರು ಟಮಕದಲ್ಲಿ ವಿಚಾರಿಸಿ ಪ್ರಯೋಜನವಿಲ್ಲ.

ಇನ್ನು ಪಠ್ಯಕ್ರಮ. ರಾಜ್ಯದಲ್ಲಿ 2021-22ರಿಂದ 2023-24ರವರೆಗೆ ಪದವಿಗೆ ಸೇರಿದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದವರು. 2024-25ರಿಂದ ಸೇರಿದವರಿಗೆ ರಾಜ್ಯ ಶಿಕ್ಷಣ ನೀತಿಯ ಮೂರು ವರ್ಷದ ಪದವಿ ಅನ್ವಯಿಸುತ್ತದೆ. ಹೀಗಾಗಿ 'ಮೂರನೇ ಸೆಮಿಸ್ಟರ್ ಪರೀಕ್ಷಾ ವೇಳಾಪಟ್ಟಿ' ಎಂಬ ಒಂದೇ ತಲೆಬರಹದಡಿ, ಒಂದು ಹೊಸ ತಂಡಕ್ಕೆ, ಇನ್ನೊಂದು ಹಳೆಯ ವಿಷಯ ಉಳಿಸಿಕೊಂಡವರಿಗೆ ಎಂದು ಎರಡು ಪಟ್ಟಿಗಳು ಇರಬಹುದು. ನೋಟ್‌ಪುಸ್ತಕದ ಮೊದಲ ಪುಟದಲ್ಲಿ ವಿಶ್ವವಿದ್ಯಾಲಯ, ಪ್ರವೇಶ ಪಡೆದ ವರ್ಷ, ಪಠ್ಯಕ್ರಮ, ನೋಂದಣಿ ಸಂಖ್ಯೆ, ಈ ನಾಲ್ಕನ್ನು ಬರೆಯಿರಿ. ಯಾವ ಸುತ್ತೋಲೆ ಬಂದರೂ ಮೊದಲು ಈ ಪುಟದೊಂದಿಗೆ ಹೋಲಿಸಿ ನೋಡಿ.

2. ನಿಮ್ಮ ಖಾತೆ ನಿಮ್ಮ ಮೊಬೈಲ್ ಸಂಖ್ಯೆಯಲ್ಲೇ ಇರಲಿ

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷಾ ಅರ್ಜಿ, ಪ್ರವೇಶಪತ್ರ ಮತ್ತು ಫಲಿತಾಂಶಗಳು ಈಗ 'ಯುಯುಸಿಎಂಎಸ್' ಎಂಬ ಒಂದೇ ಜಾಲತಾಣದ ಮೂಲಕ ನಡೆಯುತ್ತವೆ. ವಿಶ್ವವಿದ್ಯಾಲಯಗಳಿಗೂ ಕಾಲೇಜುಗಳಿಗೂ ಸೇರಿ ಸರ್ಕಾರ ಮಾಡಿದ ಏಕೀಕೃತ ನಿರ್ವಹಣಾ ವ್ಯವಸ್ಥೆ ಅದು. ಪ್ರತಿ ವಿದ್ಯಾರ್ಥಿಗೂ ಅದರಲ್ಲಿ ಪ್ರತ್ಯೇಕ ಖಾತೆ ಇರುತ್ತದೆ.

ಮೊದಲ ವರ್ಷದ ಪ್ರವೇಶದ ಗಡಿಬಿಡಿಯಲ್ಲಿ ಸೈಬರ್ ಸೆಂಟರಿಗೆ ಹೋಗಿ, ಅಲ್ಲಿಯವರ ಮೊಬೈಲ್ ಸಂಖ್ಯೆಯನ್ನೂ ಇಮೇಲನ್ನೂ ಕೊಟ್ಟು ಖಾತೆ ತೆರೆಸಿಕೊಂಡವರು ನೀವಾಗಿದ್ದರೆ ಈ ವಾರವೇ ಅದನ್ನು ಬದಲಾಯಿಸಿಕೊಳ್ಳಿ. ಖಾತೆಗೆ ಪ್ರವೇಶಿಸಲು ಬರುವ ಒಟಿಪಿ, ಅಂದರೆ ಒಂದೇ ಬಾರಿ ಬಳಸಬಹುದಾದ ಗುಟ್ಟಿನ ಸಂಖ್ಯೆ, ಅವರ ಫೋನಿಗೆ ಹೋಗುತ್ತಿರುವವರೆಗೆ ಪ್ರವೇಶಪತ್ರ ಬೇಕಾದಾಗಲೂ ನೀವು ಅವರ ಅಂಗಡಿ ತೆರೆಯುವುದನ್ನೇ ಕಾಯಬೇಕು. ಅವರು ಒಳ್ಳೆಯವರೇ ಇರಬಹುದು. ಆದರೆ ಭಾನುವಾರ ಸಂಜೆ ಅಂಗಡಿ ಮುಚ್ಚಿದ್ದು ಸೋಮವಾರ ಬೆಳಗ್ಗೆ ಪರೀಕ್ಷೆ ಇದ್ದರೆ ಅವರ ಒಳ್ಳೆಯತನದಿಂದ ಕೆಲಸ ಆಗದು. ಖಾತೆಯೊಳಗೆ ಹೋಗಿ ಸಂಖ್ಯೆ ಬದಲಿಸಲು ಸಾಧ್ಯವಾಗದಿದ್ದರೆ ಕಾಲೇಜಿನಲ್ಲಿ ಯುಯುಸಿಎಂಎಸ್ ನೋಡಿಕೊಳ್ಳುವ ಸಿಬ್ಬಂದಿಗೆ ಅಥವಾ ಅಧ್ಯಾಪಕರಿಗೆ ಲಿಖಿತ ಮನವಿ ಕೊಡಿ.

ಮನೆಯಲ್ಲಿ ಒಂದೇ ಫೋನ್ ಇರುವವರು ಬಹಳ ಮಂದಿ ಇದ್ದಾರೆ. ಅಪ್ಪನ ಅಥವಾ ಅಣ್ಣನ ಸಂಖ್ಯೆಯನ್ನು ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ರೀಚಾರ್ಜ್ ಮುಗಿಯಿತೆಂದು ಆ ಸಿಮ್ಮನ್ನು ಬಿಟ್ಟು ಹೊಸದನ್ನು ಕೊಳ್ಳುವ ಮುನ್ನ, ಆ ಸಂಖ್ಯೆ ಎಲ್ಲೆಲ್ಲಿ ಜೋಡಣೆಯಾಗಿದೆ ಎಂಬ ಪಟ್ಟಿ ನೋಟ್‌ಪುಸ್ತಕದಲ್ಲಿರಬೇಕು: ಯುಯುಸಿಎಂಎಸ್, ಆಧಾರ್, ಬ್ಯಾಂಕ್, ವಿದ್ಯಾರ್ಥಿವೇತನದ ಜಾಲತಾಣ, ಡಿಜಿಲಾಕರ್.

ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಕಾಲೇಜಿನವರು, ವಿಶ್ವವಿದ್ಯಾಲಯದವರು ಅಥವಾ ಬ್ಯಾಂಕಿನವರು ಎಂದು ಹೇಳಿಕೊಂಡು ಫೋನ್ ಮಾಡಿದ ಯಾರಿಗೂ ಹೇಳಬೇಡಿ. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ದೂರು ಸ್ವೀಕರಿಸುವ ರಾಷ್ಟ್ರೀಯ ಸಹಾಯವಾಣಿ. ಕರೆ ಎಷ್ಟು ಬೇಗ ಹೋಗುತ್ತದೋ ಹಣವನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

3. ಗುಂಪಿಗೆ ಬಂದ ಸುತ್ತೋಲೆಯನ್ನು ಮೂಲದೊಂದಿಗೆ ತಾಳೆ ನೋಡಿ

ಅಧಿಕೃತ ಸುತ್ತೋಲೆಗೆ ನಾಲ್ಕು ಗುರುತುಗಳಿರುತ್ತವೆ: ಮೇಲ್ಭಾಗದಲ್ಲಿ ಕಡತದ ಸಂಖ್ಯೆ, ದಿನಾಂಕ, ಯಾರಿಗೆ ಎಂಬ ವಿವರ, ಕೆಳಗೆ ಸಹಿ ಮತ್ತು ಪದನಾಮ. ಪರೀಕ್ಷೆಗೆ ಸಂಬಂಧಿಸಿದ ಸುತ್ತೋಲೆಗೆ ಸಾಮಾನ್ಯವಾಗಿ ಕುಲಸಚಿವರು (ಮೌಲ್ಯಮಾಪನ), ಅಂದರೆ ಪರೀಕ್ಷಾ ವಿಭಾಗದ ರಿಜಿಸ್ಟ್ರಾರ್, ಸಹಿ ಹಾಕುತ್ತಾರೆ. ಪ್ರವೇಶ ಮತ್ತು ಆಡಳಿತದ ವಿಷಯಗಳು ಕುಲಸಚಿವರ ಕಚೇರಿಯಿಂದ ಬರುತ್ತವೆ. ಸಹಿ ಇದ್ದ ಮಾತ್ರಕ್ಕೆ ನಂಬಿಬಿಡಬೇಡಿ, ಸಹಿಯ ಚಿತ್ರವನ್ನು ಯಾರಾದರೂ ಕತ್ತರಿಸಿ ಅಂಟಿಸಬಹುದು. ಸಂಖ್ಯೆಯನ್ನೂ ದಿನಾಂಕವನ್ನೂ ಇಟ್ಟುಕೊಂಡು ವಿಶ್ವವಿದ್ಯಾಲಯದ ಜಾಲತಾಣದ ಸುತ್ತೋಲೆಗಳ ಪುಟದಲ್ಲಿ ಅದೇ ಕಾಗದವನ್ನು ಹುಡುಕಿ. ಅಲ್ಲಿ ಕಾಣದಿದ್ದರೆ ಕಾಲೇಜಿನ ಕಚೇರಿಗೆ ಫೋನ್ ಮಾಡಿ ಆ ಸಂಖ್ಯೆಯ ಸುತ್ತೋಲೆ ಬಂದಿದೆಯೇ ಎಂದು ಕೇಳಿ. 'ಪರೀಕ್ಷೆ ಮುಂದಕ್ಕೆ ಹೋಯಿತಂತೆ, ನಿಜವೇ?' ಎಂದು ಕೇಳುವುದಕ್ಕಿಂತ ಸಂಖ್ಯೆ ಹೇಳಿ ಕೇಳಿದರೆ ನಿಖರವಾದ ಉತ್ತರ ಸಿಗುತ್ತದೆ.

ಜಾಲತಾಣದ ವಿಳಾಸವನ್ನು ಓದುವುದನ್ನೂ ಅಭ್ಯಾಸ ಮಾಡಿಕೊಳ್ಳಿ. ಸರ್ಕಾರದ ತಾಣಗಳು 'ಗವ್ ಡಾಟ್ ಇನ್' ಎಂದೂ, ವಿಶ್ವವಿದ್ಯಾಲಯಗಳ ತಾಣಗಳು ಸಾಮಾನ್ಯವಾಗಿ 'ಎಸಿ ಡಾಟ್ ಇನ್' ಎಂದೂ ಕೊನೆಗೊಳ್ಳುತ್ತವೆ. ನೋಡಬೇಕಾದದ್ದು ವಿಳಾಸದ ಮೊದಲ ಒಂಟಿ ಓರೆಗೆರೆಗೆ ಮುಂಚೆ ಇರುವ ಕೊನೆಯ ತುಣುಕನ್ನು. ವಂಚಕರು ಈ ಅಕ್ಷರಗಳನ್ನು ವಿಳಾಸದ ನಡುವೆ ಸೇರಿಸಿ ಕೊನೆಗೆ ಬೇರೇನನ್ನೋ ಇಟ್ಟಿರುತ್ತಾರೆ. ಗುಂಪಿನಲ್ಲಿ ಬಂದ ಕೊಂಡಿಯನ್ನು ಒತ್ತುವ ಬದಲು ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗುವುದು ಸುರಕ್ಷಿತ.

ಎಡವುವ ಜಾಗಗಳು ಇಲ್ಲಿ ಹಲವು. ಹಳೆಯ ವರ್ಷದ ನಿಜವಾದ ಸುತ್ತೋಲೆಯೇ ಮತ್ತೆ ಹರಿದಾಡುವುದು ಅವುಗಳಲ್ಲಿ ಅತ್ಯಂತ ಸಾಮಾನ್ಯ. ಕಾಗದ ಅಸಲಿಯೇ ಆಗಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ದಿನಾಂಕದಲ್ಲಿ ಇಸವಿಯನ್ನು ಓದಿದವರು ಮಾತ್ರ ಪಾರಾಗುತ್ತಾರೆ. ಎರಡನೆಯದು ತಿದ್ದುಪಡಿ: ವೇಳಾಪಟ್ಟಿ ಹೊರಡಿಸಿದ ಕೆಲವೇ ದಿನಗಳಲ್ಲಿ ಪರಿಷ್ಕೃತ ಪಟ್ಟಿ ಬರಬಹುದು, ಆದ್ದರಿಂದ ಪರೀಕ್ಷೆಗೆ ಒಂದು ವಾರ ಮುಂಚೆ ಮತ್ತು ಹಿಂದಿನ ದಿನ ಮತ್ತೊಮ್ಮೆ ನೋಡಿ. ಮೂರನೆಯದು ಮಳೆಗಾಲದ ರಜೆ. ಶಾಲಾ ಕಾಲೇಜುಗಳಿಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ವಿಶ್ವವಿದ್ಯಾಲಯದ ಪರೀಕ್ಷೆಯೂ ಮುಂದೂಡಿತು ಎಂದು ತಿಳಿಯಬೇಡಿ, ಅದಕ್ಕೆ ವಿಶ್ವವಿದ್ಯಾಲಯದ ಪ್ರತ್ಯೇಕ ಸೂಚನೆ ಇದೆಯೇ ನೋಡಿ.

ಈಚೆಗೆ ಕೃತಕ ಬುದ್ಧಿಮತ್ತೆಯ ಸಂಭಾಷಣಾ ತಂತ್ರಾಂಶಗಳನ್ನು ಕೇಳಿ ಕೊನೆಯ ದಿನಾಂಕ ತಿಳಿದುಕೊಳ್ಳುವವರು ಹೆಚ್ಚಾಗಿದ್ದಾರೆ. ಪಾಠದ ಒಂದು ಪರಿಕಲ್ಪನೆಯನ್ನು ಸರಳವಾಗಿ ತಿಳಿಯಲು ಅವು ನೆರವಾಗುತ್ತವೆ. ಆದರೆ ನಿಮ್ಮ ವಿಶ್ವವಿದ್ಯಾಲಯದ ಈ ಸೆಮಿಸ್ಟರಿನ ದಿನಾಂಕ ಅವುಗಳಿಗೆ ತಿಳಿದಿರದೇ ಇರಬಹುದು, ತಿಳಿಯದಿದ್ದಾಗಲೂ ತಿಳಿದಂತೆಯೇ ಉತ್ತರ ಕೊಡಬಲ್ಲವು. ದಿನಾಂಕ, ಶುಲ್ಕ, ಅರ್ಹತೆ, ಈ ಮೂರನ್ನು ಮೂಲ ಕಾಗದದಿಂದ ಬಿಟ್ಟು ಬೇರೆಲ್ಲಿಂದಲೂ ತೆಗೆದುಕೊಳ್ಳಬೇಡಿ.

ಹೊಸದಾಗಿ ಸೇರಲಿರುವವರು ಇನ್ನೊಂದನ್ನು ಪರಿಶೀಲಿಸಬೇಕು. 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ ಪ್ರಕಾರ ಪದವಿ ನೀಡುವ ಅಧಿಕಾರ ಇರುವುದು ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ಪರಿಗಣಿತ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಯುಜಿಸಿ ತನ್ನ ಜಾಲತಾಣದಲ್ಲಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಪ್ರಕಟಿಸುತ್ತದೆ. 'ಮನೆಯಲ್ಲೇ ಕುಳಿತು ಒಂದೇ ವರ್ಷದಲ್ಲಿ ಪದವಿ' ಎಂಬ ಜಾಹೀರಾತು ಕಂಡರೆ ಹಣ ಕಟ್ಟುವ ಮೊದಲು ಅಲ್ಲಿ ನೋಡಿ.

4. ಶುಲ್ಕ ಕಟ್ಟಿದ ಪ್ರತಿ ಬಾರಿಯೂ ಮೂರು ಸಾಕ್ಷಿಗಳನ್ನು ಇಟ್ಟುಕೊಳ್ಳಿ

ಅರ್ಜಿಯ ಸಂಖ್ಯೆ, ಪಾವತಿಯ ಉಲ್ಲೇಖ ಸಂಖ್ಯೆ (ಯುಪಿಐ ಆದರೆ 12 ಅಂಕಿಯದು) ಮತ್ತು ಬ್ಯಾಂಕ್ ಖಾತೆಯಿಂದ ಹಣ ಹೋದ ದಿನಾಂಕ ಹಾಗೂ ಸಮಯ. ಹಣ ಕಡಿತವಾಗಿದ್ದರೂ ಅರ್ಜಿಯಲ್ಲಿ 'ಬಾಕಿ' ಎಂದೇ ತೋರಿಸುತ್ತಿದ್ದರೆ ಗಾಬರಿಯಿಂದ ಆ ಕ್ಷಣವೇ ಮತ್ತೆ ಕಟ್ಟಬೇಡಿ. ಕೊನೆಯ ದಿನಕ್ಕೆ ಸಮಯವಿದ್ದರೆ ಒಂದೆರಡು ದಿನ ಕಾದು ಸ್ಥಿತಿಯನ್ನು ನೋಡಿ, ಬದಲಾಗದಿದ್ದರೆ ಮೂರೂ ವಿವರಗಳೊಂದಿಗೆ ಕಾಲೇಜಿಗೆ ಬರೆದು ಕೊಡಿ. ಹೀಗೆ ಕಾಯಲು ಅವಕಾಶ ಇರಬೇಕಾದರೆ ಕೊನೆಯ ದಿನದವರೆಗೆ ಶುಲ್ಕ ಕಟ್ಟದೇ ಇರಬಾರದು; ಆ ದಿನ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ ಜಾಲತಾಣವೂ ನಿಧಾನವಾಗುತ್ತದೆ.

ವಿದ್ಯಾರ್ಥಿವೇತನದ ಬಗ್ಗೆ ಇಲ್ಲಿ ಒಂದೇ ಮಾತು ಹೇಳುತ್ತೇನೆ, ಉಳಿದದ್ದಕ್ಕೆ ಪ್ರತ್ಯೇಕ ಲೇಖನವೇ ಬೇಕು. ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಮಂಜೂರಾದ ಹಣ ಆಧಾರ್ ಆಧಾರಿತವಾಗಿ ಜಮೆಯಾಗುವಾಗ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹೊಸ ಖಾತೆ ತೆರೆಯುವಾಗ ಯೋಚಿಸದೆ ಕೊಟ್ಟ ಒಪ್ಪಿಗೆಯಿಂದ ಜೋಡಣೆ ಅಲ್ಲಿಗೆ ಬದಲಾಗಿದ್ದರೆ ಹಣವೂ ಅಲ್ಲಿಗೇ ಸೇರುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ನೀವೇ ನೋಡಬಹುದು.

5. ಅಂಕಪಟ್ಟಿಯನ್ನು ಡಿಜಿಲಾಕರ್‌ಗೆ ತರಿಸಿಕೊಳ್ಳಿ, ಅದಕ್ಕೂ ಮೊದಲು ಹೆಸರನ್ನು ಹೊಂದಿಸಿಕೊಳ್ಳಿ

ಡಿಜಿಲಾಕರ್ 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡಿಜಿಟಲ್ ದಾಖಲೆ ಪೆಟ್ಟಿಗೆ. ಅದರಲ್ಲಿ ಎರಡು ಬಗೆಯ ದಾಖಲೆಗಳಿರುತ್ತವೆ. ಸಂಸ್ಥೆಯೇ ನೇರವಾಗಿ ಕಳುಹಿಸುವವು ಒಂದು ಬಗೆ. ನೀವೇ ಫೋಟೊ ತೆಗೆದು ಹಾಕಿಕೊಂಡವು ಇನ್ನೊಂದು ಬಗೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ 2016ರಲ್ಲಿ ರೂಪಿಸಿ 2017ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಮೂಲ ಪ್ರತಿಗೆ ಸಮಾನವಾದ ಮಾನ್ಯತೆ ಇರುವುದು ಮೊದಲ ಬಗೆಗೆ ಮಾತ್ರ. 'ಡಿಜಿಲಾಕರ್‌ನಲ್ಲಿ ಇಟ್ಟಿದ್ದೇನೆ, ಆದರೂ ಒಪ್ಪಲಿಲ್ಲ' ಎಂದು ಬರೆಯುವ ಓದುಗರಲ್ಲಿ ಹೆಚ್ಚಿನವರು ಇಟ್ಟಿರುವುದು ಎರಡನೆಯ ಬಗೆಯದು.

ಇದರ ಜೊತೆಗೆ ಎಬಿಸಿ ಎಂಬ ಪದ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅದು ಶೈಕ್ಷಣಿಕ ಕ್ರೆಡಿಟ್‌ಗಳ ಬ್ಯಾಂಕ್. ಯುಜಿಸಿ 2021ರ ನಿಯಮಗಳ ಮೂಲಕ ತಂದ ವ್ಯವಸ್ಥೆ. ಕ್ರೆಡಿಟ್ ಎಂದರೆ ಒಂದು ವಿಷಯಕ್ಕೆ ಅದರ ಬೋಧನೆ ಮತ್ತು ಕಲಿಕೆಯ ಗಂಟೆಗಳನ್ನು ಲೆಕ್ಕ ಹಾಕಿ ನಿಗದಿ ಮಾಡಿದ ಮೌಲ್ಯ. ನೀವು ಉತ್ತೀರ್ಣರಾದ ವಿಷಯಗಳ ಕ್ರೆಡಿಟ್‌ಗಳು ನಿಮ್ಮ 12 ಅಂಕಿಯ ಗುರುತಿನ ಸಂಖ್ಯೆಯಡಿ ಜಮೆಯಾಗುತ್ತವೆ. ಆ ಸಂಖ್ಯೆಯನ್ನು ಡಿಜಿಲಾಕರ್ ಮೂಲಕವೇ ಪಡೆಯಬಹುದು.

ತೊಡಕು ಬರುವುದು ಹೆಸರಿನಲ್ಲಿ. ನಮ್ಮ ಕಡೆ ಅಪ್ಪನ ಹೆಸರಿನ ಮೊದಲಕ್ಷರವನ್ನೋ ಊರಿನ ಮೊದಲಕ್ಷರವನ್ನೋ ಇನಿಶಿಯಲ್ ಆಗಿ ಸೇರಿಸುವ ರೂಢಿಯಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಶಿಯಲ್ ಕೊನೆಯಲ್ಲಿ, ಆಧಾರ್‌ನಲ್ಲಿ ಮೊದಲು, ಪಿಯುಸಿಯಲ್ಲಿ ಇಲ್ಲವೇ ಇಲ್ಲ ಎಂಬಂಥ ದಾಖಲೆಗಳು ಪ್ರತಿ ತರಗತಿಯಲ್ಲೂ ಸಿಗುತ್ತವೆ. ಮನುಷ್ಯರ ಕಣ್ಣಿಗೆ ಅದು ಒಂದೇ ಹೆಸರು. ಯಂತ್ರ ಅಕ್ಷರಕ್ಕೆ ಅಕ್ಷರ ಹೋಲಿಸುವಾಗ ಬೇರೆ ಬೇರೆ ವ್ಯಕ್ತಿಗಳೆಂದು ತಳ್ಳಿಹಾಕಬಹುದು. ಹಾಗಾದಾಗ ಅವಸರದಲ್ಲಿ ಆಧಾರ್ ಕೇಂದ್ರಕ್ಕೆ ಓಡಬೇಡಿ, ಏಕೆಂದರೆ ಆಧಾರ್‌ನಲ್ಲಿ ಹೆಸರನ್ನು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡು ಬಾರಿ ಮಾತ್ರ ತಿದ್ದಿಸಲು ಅವಕಾಶವಿದೆ. ಎಲ್ಲ ಅಂಕಪಟ್ಟಿಗಳನ್ನೂ ಆಧಾರನ್ನೂ ಮೇಜಿನ ಮೇಲೆ ಹರಡಿಕೊಂಡು, ಹೆಸರು, ತಂದೆತಾಯಿಯ ಹೆಸರು ಮತ್ತು ಹುಟ್ಟಿದ ದಿನಾಂಕ ಪ್ರತಿಯೊಂದರಲ್ಲೂ ಹೇಗಿದೆ ಎಂದು ಇಂಗ್ಲಿಷ್ ಅಕ್ಷರಗಳ ಸಮೇತ ಬರೆಯಿರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸರಿಯಾದ ಕ್ರಮ ಎಂದು ನನಗನ್ನಿಸುತ್ತದೆ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ಮೊದಲ ವರ್ಷದಲ್ಲೇ ಸರಿಪಡಿಸಿಕೊಳ್ಳಿ. ಪದವಿ ಪ್ರಮಾಣಪತ್ರ ಅಚ್ಚಾದ ಮೇಲೆ ಅದೇ ಕೆಲಸಕ್ಕೆ ಶುಲ್ಕವೂ ಓಡಾಟವೂ ಹೆಚ್ಚುತ್ತವೆ.

6. ಮಾಹಿತಿಯನ್ನು ಹಂಚುವಾಗ ಇಡೀ ಕಾಗದವನ್ನು ಹಂಚಿ

ತರಗತಿಯ ಗುಂಪಿಗೆ ಸುದ್ದಿ ಹಾಕುವವರು ನೀವಾಗಿದ್ದರೆ ನಿಮ್ಮ ಮೇಲೆ ದೊಡ್ಡ ಹೊಣೆಯಿದೆ. ಸ್ಕ್ರೀನ್‌ಶಾಟ್ ಕಳುಹಿಸಿದಾಗ ದಿನಾಂಕವೋ ಸಹಿಯೋ ಹೊರಗುಳಿಯುತ್ತದೆ, ಆದ್ದರಿಂದ ಪೂರ್ತಿ ಪಿಡಿಎಫ್ ಕಳುಹಿಸಿ, ಅದು ಯಾವ ಜಾಲತಾಣದಿಂದ ಸಿಕ್ಕಿತು ಮತ್ತು ಯಾವ ತಂಡಕ್ಕೆ ಅನ್ವಯಿಸುತ್ತದೆ ಎಂದು ಒಂದು ಸಾಲು ಬರೆಯಿರಿ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ ಕಾಗದದಿಂದ ಸಾಲುಗಳನ್ನು ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಆಗ ನೀವೇ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನುಗಳಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಸಂಕೇತದಲ್ಲಿ, ಟೈಪ್ ಮಾಡಬೇಕಾಗುತ್ತದೆ. ಹಾಗೆ ಮಾಡುವಾಗ ದಿನಾಂಕಗಳನ್ನು ಎರಡು ಬಾರಿ ಹೋಲಿಸಿ ನೋಡಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವ, ಓದಲು ಬಾರದ ತಂದೆತಾಯಿಗಳಿಗೆ ಅವರ ಮಾತಿನಲ್ಲೇ ಅರ್ಧ ನಿಮಿಷದ ಧ್ವನಿ ಸಂದೇಶ ಕಳುಹಿಸುವುದು ಯಾವ ಪಿಡಿಎಫ್‌ಗಿಂತಲೂ ಉಪಕಾರಿ.

ಸಹಪಾಠಿಗಳ ಅಂಕಗಳ ಪಟ್ಟಿ, ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಗುಂಪಿಗೆ ಹಾಕಲೇಬೇಡಿ. ವೈಯಕ್ತಿಕ ದತ್ತಾಂಶದ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಇನ್ನೊಬ್ಬ ಹುಡುಗಿಯ ಫೋನ್ ಸಂಖ್ಯೆ ಮತ್ತು ಮನೆ ವಿಳಾಸ ಇನ್ನೂರು ಜನರ ಕೈಗೆ ಹೋಗುವುದು ಅವಳಿಗೆ ಮಾಡುವ ಅನ್ಯಾಯ. ಆಧಾರ್ ಪ್ರತಿ ಕೊಡಲೇಬೇಕಾದ ಕಡೆ, ಸಾಧ್ಯವಿದ್ದರೆ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮರೆಮಾಚಿದ ಪ್ರತಿಯನ್ನು ಕೊಡಿ.

7. ಕೇಳಿದರೂ ಮಾಹಿತಿ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ

ಮೊದಲು ಪ್ರಾಂಶುಪಾಲರ ಮೂಲಕ ಲಿಖಿತ ಮನವಿ ಕೊಟ್ಟು, ಎರಡನೆಯ ಪ್ರತಿಯ ಮೇಲೆ ದಿನಾಂಕದೊಂದಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಮನವಿಗೆ ಮುಂದೆ ಸಾಕ್ಷಿ ಸಿಗುವುದಿಲ್ಲ. ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ವಿಶ್ವವಿದ್ಯಾಲಯದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರು ಪುರಾವೆ ಲಗತ್ತಿಸಿದರೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. 'ನನ್ನ ಫಲಿತಾಂಶ ಏಕೆ ತಡವಾಯಿತು?' ಎಂದು ವಿವರಣೆ ಕೇಳಿದರೆ ತಳ್ಳಿಹಾಕಲು ದಾರಿಯಾಗುತ್ತದೆ. 'ಇಂಥ ನೋಂದಣಿ ಸಂಖ್ಯೆಯ ಫಲಿತಾಂಶವನ್ನು ತಡೆಹಿಡಿದ ಆದೇಶದ ಪ್ರತಿ ಮತ್ತು ಆ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ' ಎಂದು ದಾಖಲೆ ಕೇಳಿ. 30 ದಿನಗಳೊಳಗೆ ಉತ್ತರ ಕೊಡಬೇಕು. ಅವಧಿ ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು.

ನಿಮ್ಮ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕೂ ನಿಮಗಿದೆ. ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆಯು ಮಾಹಿತಿ ಎಂಬ ವ್ಯಾಖ್ಯೆಯೊಳಗೆ ಬರುತ್ತದೆ, ಅದನ್ನು ಬರೆದ ವಿದ್ಯಾರ್ಥಿ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. ಆದರೆ ಸಂಸ್ಥೆ ಉತ್ತರ ಪತ್ರಿಕೆಗಳನ್ನು ಕಾಯ್ದಿಡಬೇಕಾದ ಅವಧಿಯೊಳಗೆ ಮಾತ್ರ ಈ ಹಕ್ಕು ನಡೆಯುತ್ತದೆ ಎಂದೂ ಅದೇ ತೀರ್ಪು ಹೇಳಿದೆ. ಆದ್ದರಿಂದ ಫಲಿತಾಂಶದ ದಿನವೇ, ಛಾಯಾಪ್ರತಿಗೆ ಮತ್ತು ಮರುಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯ ಕೊಟ್ಟಿರುವ ಗಡುವು ಎಂದಿನವರೆಗೆ ಎಂದು ನೋಡಿ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ ಎಂದು ಆ ಗಡುವು ಮುಂದಕ್ಕೆ ಹೋಗುವುದಿಲ್ಲ.

30 ದಿನ ಕಳೆದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಅಪೂರ್ಣವಾಗಿದ್ದರೆ, ನಂತರದ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಲ್ಲಿಯೂ ತೃಪ್ತಿಯಾಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಉತ್ತರ ಕೈಗೆ ಬಂದಾಗ, ಅದು ನಿಮ್ಮೊಬ್ಬರದಲ್ಲದೆ ಇಡೀ ತಂಡಕ್ಕೆ ಸಂಬಂಧಿಸಿದ್ದಾಗಿದ್ದರೆ, ನಿಮ್ಮ ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ಮರೆಮಾಡಿ ಪೂರ್ತಿ ಕಾಗದವನ್ನು ತರಗತಿಯ ಗುಂಪಿಗೆ ಹಾಕಿ.